ಬೀದರಿನ ನೆರಳು, ಶ್ರೀನಿವಾಸಪುರದ ನೆರಳು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕ. ಎಂಟರಿಂದ ಹತ್ತನೇ ತರಗತಿಯವರೆಗೆ ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಸುವವನು ಶಾಲೆಗೆ ನಾನೊಬ್ಬನೇ. ಕನ್ನಡದ ಮೇಷ್ಟರೊಂದಿಗೆ, ಸಮಾಜ ವಿಜ್ಞಾನದ ಮೇಡಂ ಅವರೊಂದಿಗೆ ಹಾಜರಾತಿ, ಬಿಸಿಯೂಟ, ಪರೀಕ್ಷೆಗಳ ವಿಚಾರವನ್ನು ಧಾರಾಳವಾಗಿ ಮಾತನಾಡುತ್ತೇನೆ. ಆದರೆ ವಿದ್ಯುತ್ ಪ್ರವಾಹದ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂದು ಕೇಳೋಣವೆಂದರೆ ಸ್ಟಾಫ್ ರೂಮಿನಲ್ಲಿ ಉತ್ತರಿಸುವವರಿಲ್ಲ. ಅಂತರ್ಜಾಲ ನನ್ನ ಬೋಧನೆಗೆ ಮಾಡಿದ ದೊಡ್ಡ ಉಪಕಾರವೆಂದರೆ, ನಾನು ಮಾಡುವ ಪಾಠವನ್ನೇ ಅದೇ ವಾರ ಮಾಡುತ್ತಿರುವ ಇತರ ಶಿಕ್ಷಕರನ್ನು ನನ್ನ ಪಕ್ಕದಲ್ಲಿ ತಂದು ಕೂರಿಸಿದ್ದು.

2020ರ ಜೂನ್ 25ರಿಂದ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಕೊರೊನಾದಿಂದ ಶಾಲೆ ಮುಚ್ಚಿದ್ದರಿಂದ ಹೊಸ ಹತ್ತನೇ ತರಗತಿಗೆ ದೂರದಿಂದಲೇ ಪಾಠ ಆರಂಭಿಸಬೇಕಾಯಿತು. ನಮ್ಮ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದರೂ ಅದು ತಂದೆಯ ಜೇಬಿನಲ್ಲಿರುತ್ತದೆ. ತಂದೆ ಟೊಮೆಟೊ ಕ್ರೇಟುಗಳೊಂದಿಗೆ ಕೋಲಾರದ ಎಪಿಎಂಸಿಗೆ ಹೊರಟರೆ ಫೋನೂ ಹೊರಡುತ್ತದೆ. ಹೀಗಾಗಿ ಬೆಳಿಗ್ಗೆ ಹತ್ತಕ್ಕೆ ನೇರ ತರಗತಿ ಎಂಬುದು ನಮ್ಮೂರಿಗೆ ಹೊಂದುವ ಏರ್ಪಾಡಾಗಿರಲಿಲ್ಲ. ರಾತ್ರಿ ಊಟದ ನಂತರ ನೋಡಬಹುದಾದ ಸಣ್ಣ ಪಾಠಗಳನ್ನು ನಾನೇ ಸಿದ್ಧಪಡಿಸತೊಡಗಿದೆ. ಎರಡು ಬದಿಗೆ ಪುಸ್ತಕಗಳನ್ನು ಪೇರಿಸಿ, ಮೇಲೆ ಮರದ ಸ್ಕೇಲುಗಳನ್ನಿಟ್ಟು, ಅವುಗಳ ನಡುವೆ ಫೋನನ್ನು ಕ್ಯಾಮೆರಾ ಕೆಳಮುಖವಾಗುವಂತೆ ಮಲಗಿಸಿದರೆ ಕೆಳಗಿನ ಕಾಗದವೂ ಬರೆಯುವ ಕೈಯೂ ಸ್ಪಷ್ಟವಾಗಿ ಕಾಣುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಆಗ 16 ಎಂಬಿ ಮೀರಿದ ವಿಡಿಯೊ ಹೋಗುತ್ತಿರಲಿಲ್ಲ. ಆ ಮಿತಿಯೇ ನನಗೆ ಶಿಸ್ತಾಯಿತು: ಒಂದು ವಿಡಿಯೊದಲ್ಲಿ ಒಂದೇ ಪರಿಕಲ್ಪನೆ, ಕೊನೆಯಲ್ಲಿ ಮಗು ಕೈಯಾರೆ ಮಾಡಬೇಕಾದ ಒಂದು ಕೆಲಸ. ಆಂಧ್ರದ ಗಡಿಯಾದ್ದರಿಂದ ಅನೇಕರ ಮನೆಮಾತು ತೆಲುಗು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಧ್ವನಿ ಸಂದೇಶದಲ್ಲಿ ಎರಡೂ ಭಾಷೆಯನ್ನು ಬೆರೆಸಿ ನಿಸ್ಸಂಕೋಚವಾಗಿ ಪ್ರಶ್ನೆ ಕೇಳಿದರು. ದೂರದ ಪಾಠದಿಂದ ಆದ ಲಾಭಗಳಲ್ಲಿ ಇದನ್ನು ನಾನು ಇಂದಿಗೂ ಮುಖ್ಯವೆಂದು ಎಣಿಸುತ್ತೇನೆ.

ಫೋನೇ ಇಲ್ಲದ ಮನೆಗಳಿಗೆ ದೂರದರ್ಶನ ಚಂದನದ ‘ಸಂವೇದ’ ಪಾಠಗಳು, ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ನಿಂತ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ‘ವಿದ್ಯಾಗಮ’ ನೆರವಾದವು.

ಆ ದಿನಗಳ ಒಂದು ಆನ್‌ಲೈನ್ ತರಬೇತಿಯಲ್ಲಿ ಬೇರೆ ಬೇರೆ ಜಿಲ್ಲೆಗಳ ಕೆಲವು ಗಣಿತ–ವಿಜ್ಞಾನ ಶಿಕ್ಷಕರ ಪರಿಚಯವಾಯಿತು. ತರಬೇತಿ ಮುಗಿದರೂ ನಾವು ಬಿಡಲಿಲ್ಲ. ಸಣ್ಣದೊಂದು ಗುಂಪು ಮಾಡಿಕೊಂಡು ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಸೇರತೊಡಗಿದೆವು. ಸುತ್ತೋಲೆ, ಶುಭೋದಯ, ವರ್ಗಾವಣೆಯ ಸುದ್ದಿ ಯಾವುದನ್ನೂ ಅಲ್ಲಿ ಹಾಕುವಂತಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡೆವು. ಪ್ರತಿ ಸಭೆಗೆ ಒಬ್ಬರು ಒಂದು ಮಗುವಿನ ಉತ್ತರವನ್ನು ಹೆಸರು ಮರೆಮಾಡಿ ತರಬೇಕು, ಉಳಿದವರು ಆ ಮಗು ಹಾಗೇಕೆ ಯೋಚಿಸಿತು ಎಂಬುದನ್ನು ಚರ್ಚಿಸಬೇಕು. ಒಳ್ಳೆಯ ಪಿಪಿಟಿ ಹಂಚಿಕೊಳ್ಳುವುದಕ್ಕಿಂತ ಇದು ನೂರು ಪಾಲು ಉಪಯುಕ್ತ ಎಂಬುದು ನನ್ನ ದೃಢ ಅಭಿಪ್ರಾಯ.

ನಾನು ಒಯ್ದ ಉತ್ತರ ಹೀಗಿತ್ತು: ‘ಬ್ಯಾಟರಿಯಿಂದ ಬರುವ ವಿದ್ಯುತ್ತನ್ನು ಮೊದಲ ಬಲ್ಬು ಸ್ವಲ್ಪ ಬಳಸಿಕೊಳ್ಳುವುದರಿಂದ ಎರಡನೆಯ ಬಲ್ಬು ಮಂಕಾಗಿ ಉರಿಯುತ್ತದೆ.’ ಗುಂಪಿನಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಶಾಲೆಯಲ್ಲಿ ಅದೇ ಉತ್ತರವನ್ನು ಕಂಡಿದ್ದರು. ಓಮನ ನಿಯಮದ ಲೆಕ್ಕಗಳನ್ನು ಸರಿಯಾಗಿ ಮಾಡುವ ಮಕ್ಕಳ ಮನಸ್ಸಿನಲ್ಲೂ ಈ ತಪ್ಪು ಕಲ್ಪನೆ ಭದ್ರವಾಗಿ ಕುಳಿತಿರುತ್ತದೆ. ನಾವೆಲ್ಲ ಸೇರಿ ಪಾಠದ ಕ್ರಮವನ್ನೇ ತಿರುಗಿಸಿದೆವು. ಸರಣಿಯಲ್ಲಿ ಜೋಡಿಸಿದ ಒಂದೇ ಬಗೆಯ ಎರಡು ಬಲ್ಬುಗಳ ಚಿತ್ರ ಕಳುಹಿಸಿ, ಯಾವುದು ಹೆಚ್ಚು ಪ್ರಕಾಶಿಸುತ್ತದೆ ಎಂದು ಮಕ್ಕಳು ಮೊದಲು ಊಹಿಸಿ ಬರೆಯಬೇಕು. ಮರುದಿನ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯ ಉಚಿತವಾಗಿ ನೀಡುವ, ಪರದೆಯ ಮೇಲೆಯೇ ಪ್ರಯೋಗ ಮಾಡಬಹುದಾದ ಫೆಟ್ ಸಿಮ್ಯುಲೇಶನ್‌ನಲ್ಲಿ ಅದೇ ಮಂಡಲವನ್ನು ಕಟ್ಟಿ, ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ ಪ್ರವಾಹ ಅಳೆಯುವ ಅಮ್ಮೀಟರ್ ಇಟ್ಟು, ಮೂರೂ ಕಡೆ ಒಂದೇ ಅಳತೆ ಬರುವುದನ್ನು ಪರದೆಯ ವಿಡಿಯೊ ಮಾಡಿ ಕಳುಹಿಸಿದೆ. ಪ್ರವಾಹ ಖರ್ಚಾಗುವುದಿಲ್ಲ, ಬಲ್ಬಿನಲ್ಲಿ ಬೆಳಕಾಗಿ ಶಾಖವಾಗಿ ಮಾರ್ಪಡುವುದು ಶಕ್ತಿ ಎಂಬ ಮಾತನ್ನು ಆ ಬಳಿಕವೇ ಹೇಳಿದ್ದು. ತಾವೇ ಬರೆದ ಊಹೆ ಎದುರಿಗಿದ್ದುದರಿಂದ ಮಕ್ಕಳ ಪ್ರಶ್ನೆಗಳು ರಾತ್ರಿ ಹನ್ನೊಂದರವರೆಗೂ ಬರುತ್ತಲೇ ಇದ್ದವು.

2021ರ ಆರಂಭದಲ್ಲಿ ಹತ್ತನೇ ತರಗತಿ ಶಾಲೆಗೆ ಮರಳಿದಾಗಲೂ ಗುಂಪು ಮುಂದುವರಿಯಿತು. ಬೀದರ್ ಸಮೀಪದ ಶಾಲೆಯ ಮೇಡಂ ಒಬ್ಬರು, ಎರಡೂ ಶಾಲೆಯ ಮಕ್ಕಳು ಸೇರಿ ಭೂಮಿಯ ಸುತ್ತಳತೆಯನ್ನು ಅಳೆಯಲಿ ಎಂದು ಸೂಚಿಸಿದರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಸೈಯೀನ್ ಮತ್ತು ಅಲೆಕ್ಸಾಂಡ್ರಿಯಾಗಳ ನೆರಳಿನ ವ್ಯತ್ಯಾಸದಿಂದ ಮಾಡಿದ ಲೆಕ್ಕವೇ ಇದು. ಸಮಾನ ಹಗಲು–ರಾತ್ರಿಯ ಮಾರ್ಚ್ 20ರಂದು ಮಾಡೋಣವೆಂದೆವು. ಶನಿವಾರವಾದ್ದರಿಂದ ಬೆಳಗಿನ ಶಾಲೆ ಮುಗಿದ ಮೇಲೂ ನಮ್ಮ ಮಕ್ಕಳು ಮನೆಗೆ ಹೋಗದೆ ನಿಂತರು.

ನಡುಹಗಲೆಂದರೆ ಹನ್ನೆರಡು ಗಂಟೆ ಎಂದುಕೊಂಡಿದ್ದವರಿಗೆ ಮೊದಲ ಅಚ್ಚರಿ ಅಲ್ಲೇ ಕಾದಿತ್ತು. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಾವಿರುವುದು ಅದಕ್ಕಿಂತ ಪಶ್ಚಿಮದಲ್ಲಿ. ಆ ದಿನ ನೆರಳು ಅತ್ಯಂತ ಗಿಡ್ಡವಾದದ್ದು ನಮ್ಮಲ್ಲಿ ಸುಮಾರು 12.25ಕ್ಕೆ, ಬೀದರಿನಲ್ಲಿ ಅದಕ್ಕೂ ಎರಡು ಮೂರು ನಿಮಿಷ ತಡವಾಗಿ. ಒಂದು ಮೀಟರ್ ಕೋಲಿಗೆ ನಮ್ಮ ಅಂಗಳದಲ್ಲಿ 24 ಸೆಂ.ಮೀ., ಅವರಲ್ಲಿ 32 ಸೆಂ.ಮೀ. ನೆರಳು ಬಿತ್ತು. ವಿಡಿಯೊ ಕರೆಯಲ್ಲಿ ಅವರ ಅಳತೆ ಕೇಳಿಬಂದಾಗ ನಮ್ಮ ಹುಡುಗಿಯೊಬ್ಬಳು ‘ಸಾರ್, ಒಂದೇ ಸೂರ್ಯ ಅಲ್ವಾ?’ ಎಂದಳು, ಇಡೀ ಪಾಠ ಆ ಪ್ರಶ್ನೆಯಲ್ಲಿತ್ತು. ತ್ರಿಕೋನಮಿತಿಯಲ್ಲಿ ಕಲಿತ ಟ್ಯಾನ್ ಅನುಪಾತಕ್ಕೆ ಜಿಯೊಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜ ರಚಿಸಿ ಕೋನಗಳನ್ನು ಪಡೆದರು: 13.5 ಡಿಗ್ರಿ ಮತ್ತು 17.7 ಡಿಗ್ರಿ. ನಕ್ಷೆಯಲ್ಲಿ ರಸ್ತೆಯ ದೂರವನ್ನು ಬಿಟ್ಟು, ನೇರ ಉತ್ತರ–ದಕ್ಷಿಣ ಅಂತರವನ್ನು ತೆಗೆದರೆ ಸುಮಾರು 505 ಕಿ.ಮೀ. ಎರಡು ಕೋನಗಳ ವ್ಯತ್ಯಾಸ 360 ಡಿಗ್ರಿಯಲ್ಲಿ ಎಷ್ಟು ಪಾಲೋ, ಈ ಅಂತರ ಭೂಮಿಯ ಸುತ್ತಳತೆಯಲ್ಲಿ ಅಷ್ಟೇ ಪಾಲು. ಲೆಕ್ಕ ಮುಗಿದಾಗ ಸುತ್ತಳತೆ ಸುಮಾರು 43,000 ಕಿ.ಮೀ. ಎಂದು ಬಂತು. ಧ್ರುವಗಳ ಮೂಲಕ ಅಳೆದ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ.

ಆ 3,000 ಕಿ.ಮೀ. ಎಲ್ಲಿಂದ ಬಂತು ಎಂಬ ಚರ್ಚೆ ಎರಡು ಜಿಲ್ಲೆಗಳ ನಡುವೆ ವಾರವಿಡೀ ನಡೆಯಿತು. ಬೀದರಿನ ಮಕ್ಕಳ ಕನ್ನಡ ನಮ್ಮವರಿಗೆ ಹೊಸದು, ತೆಲುಗು ಬೆರೆತ ನಮ್ಮವರ ಕನ್ನಡ ಅವರಿಗೆ ಹೊಸದು. ಆದರೂ ಧ್ವನಿ ಸಂದೇಶಗಳು ನಿಲ್ಲಲಿಲ್ಲ. ನಮ್ಮ 24ರ ಬದಲು 23.5 ಎಂದಿಟ್ಟರೆ ಉತ್ತರ ಸುಮಾರು 2,600 ಕಿ.ಮೀ.ಯಷ್ಟು ಇಳಿಯುವುದನ್ನು ಮಕ್ಕಳೇ ಕಂಡುಕೊಂಡರು. ಅರ್ಧ ಸೆಂ.ಮೀ.ಗೆ ಇಷ್ಟು ಬೆಲೆಯಿದೆಯೆಂದು ತಿಳಿದ ಕೂಡಲೇ ಒಬ್ಬ ಹುಡುಗ ಗಾರೆ ಕೆಲಸದ ಚಿಕ್ಕಪ್ಪನಿಂದ ತೂಗುಗುಂಡು ತಂದು, ಕೋಲು ಲಂಬವಾಗಿದೆಯೇ ಎಂದು ಪರೀಕ್ಷಿಸಿದ. ನಡುಹಗಲ ಸೂರ್ಯ ಎರಡೂ ಊರುಗಳ ನಡುವಿನ ಅಕ್ಷಾಂಶದಲ್ಲಿ ನೆತ್ತಿಯ ಮೇಲೆ ಬಂದು ನೆರಳುಗಳು ಎದುರುಬದುರು ದಿಕ್ಕಿಗೆ ಬೀಳುವ ಕೆಲವು ದಿನಗಳನ್ನು ಬಿಟ್ಟರೆ, ಎರಡೂ ಕಡೆ ಒಂದೇ ದಿನ ಅಳೆದ ಕೋನಗಳ ವ್ಯತ್ಯಾಸ ವರ್ಷವಿಡೀ ಬದಲಾಗದು; ಆದ್ದರಿಂದ ಮತ್ತೆ ಅಳೆಯಲು ಮುಂದಿನ ಮಾರ್ಚ್‌ವರೆಗೆ ಕಾಯಬೇಕಿಲ್ಲ. ಈಗ ಚಾಮರಾಜನಗರದ ಶಿಕ್ಷಕರೊಬ್ಬರು ನಮ್ಮ ಗುಂಪಿಗೆ ಸೇರಿದ್ದಾರೆ. ಬೀದರಿಗೂ ಅಲ್ಲಿಗೂ ಅಕ್ಷಾಂಶದ ಅಂತರ ಸುಮಾರು 6 ಡಿಗ್ರಿಯಿರುವುದರಿಂದ ಅದೇ ಅರ್ಧ ಸೆಂ.ಮೀ. ದೋಷ ಉತ್ತರವನ್ನು ಅಷ್ಟು ದೂರ ಎಳೆಯಲಾರದು.