ಖಾಲಿ ಸೀಟಿನ ಲೆಕ್ಕ: ನಾವು ತಿಂಗಳ ಪಾಸ್ ಮಾಡಿದ ಬಗೆ

2017ರ ಆಗಸ್ಟ್ 15ರಂದು ಸಿನಿಮಾ ಟಿಕೆಟ್ಟಿನ ಚಂದಾ ಕಂಪನಿ ಮೂವಿಪಾಸ್ ತನ್ನ ತಿಂಗಳ ಚಂದಾವನ್ನು 9.95 ಡಾಲರಿಗೆ ಇಳಿಸಿತು. ದಿನಕ್ಕೊಂದು ಸಿನಿಮಾ, ಅಮೆರಿಕದ ಹೆಚ್ಚುಕಡಿಮೆ ಯಾವ ಥಿಯೇಟರಿನಲ್ಲಾದರೂ ನೋಡಬಹುದು. ಆಗ ನಾನು ಓಹಾಯೊದಲ್ಲಿ ಮೂರು ಥಿಯೇಟರುಗಳಿದ್ದ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆ ವರ್ಷ ದೇಶದಲ್ಲಿ ಒಂದು ಟಿಕೆಟ್ಟಿನ ಸರಾಸರಿ ಬೆಲೆ 8.97 ಡಾಲರ್. ಸುದ್ದಿ ಓದಿದವಳೇ ಮೇಜಿನ ಮೇಲಿದ್ದ ಕಾಗದದ ಹಿಂಭಾಗದಲ್ಲಿ ಒಂದು ಭಾಗಾಕಾರ ಮಾಡಿದೆ. ಚಂದಾದಾರ ತಿಂಗಳಿಗೆ ಒಂದು ಸಿನಿಮಾ ನೋಡಿದರೆ ಮೂವಿಪಾಸ್‌ಗೆ ಒಂದು ಡಾಲರಿನಷ್ಟು ಉಳಿಯುತ್ತದೆ, ಎರಡನೆಯದಕ್ಕೆ ಎಂಟು ಡಾಲರ್ ಕೈಬಿಡುತ್ತದೆ. ಮೂರನೆಯದರ ಲೆಕ್ಕ ಹಾಕಲು ಹೋಗಲಿಲ್ಲ.

ಏಕೆಂದರೆ ಅವರು ಥಿಯೇಟರಿಗೆ ಪೂರ್ಣ ಬೆಲೆ ಕೊಡುತ್ತಿದ್ದರು. ಅಪ್ಲಿಕೇಶನ್ನಿನಲ್ಲಿ ಸಿನಿಮಾ ಆರಿಸಿದ ಕೂಡಲೇ ಚಂದಾದಾರರ ಡೆಬಿಟ್ ಕಾರ್ಡಿಗೆ ಆ ಟಿಕೆಟ್ಟಿನ ದುಡ್ಡು ಬೀಳುತ್ತಿತ್ತು. ಕೌಂಟರಿನಲ್ಲಿ ಅದು ಬೇರೆ ಯಾವ ಕಾರ್ಡಿನ ಹಾಗೆಯೇ. ನಮ್ಮ ಪಾಲಿಗೆ ಟಿಕೆಟ್ ಮಾರಾಟವಾಯಿತು, ಅಷ್ಟೇ. ಸಗಟು ದರವಿಲ್ಲ, ರಿಯಾಯಿತಿಯಿಲ್ಲ. ಅಂಗಡಿಯಿಂದ ಚಿಲ್ಲರೆ ಬೆಲೆಗೆ ಕೊಂಡು ಅದಕ್ಕಿಂತ ಕಡಿಮೆಗೆ ಮಾರುವ ವ್ಯಾಪಾರ ಅದು.

2018ರ ವಸಂತದಲ್ಲಿ ನಮ್ಮ ಮಾಲೀಕರು ನನ್ನನ್ನು ಕರೆದು, ನಾವೂ ಒಂದು ಪಾಸ್ ತರೋಣ, ಮಿತಿಯಿಲ್ಲದ್ದು, ಇಪ್ಪತ್ತು ಡಾಲರ್ ಒಳಗೆ ಇರಲಿ ಅಂದರು. ಆ ಹೊತ್ತಿಗೆ ಮೂವಿಪಾಸ್ ಚಂದಾದಾರರು 20 ಲಕ್ಷ ದಾಟಿದ್ದರು, ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಆರು ವಾರ ಸಮಯ ಕೇಳಿದೆ. ಆ ಆರು ವಾರದಲ್ಲಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಯೋಜನೆ ಯಾರೇ ಮಾಡಲಿ, ಮೊದಲು ಕೂರಬೇಕಾದದ್ದು ಈ ಲೆಕ್ಕದ ಮುಂದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಚಂದಾ ವ್ಯಾಪಾರ ಅಂದ ಕೂಡಲೇ ಎಲ್ಲರೂ ಕೊಡುವ ಉದಾಹರಣೆ ಜಿಮ್. ದುಡ್ಡು ಕಟ್ಟಿ ಬಾರದವರಿಂದ ಜಿಮ್ ಬದುಕುತ್ತದೆ, ಸಿನಿಮಾನೂ ಹಾಗೇ ನಡೆಯುತ್ತದೆ ಎಂಬ ವಾದ. ಇದು ಎರಡು ಕಡೆ ತಪ್ಪು. ಜಿಮ್ಮಿಗೆ ಒಬ್ಬ ಹೆಚ್ಚು ಬಂದರೆ ಕೈಯಿಂದ ಹೋಗುವುದು ಬಹುಮಟ್ಟಿಗೆ ಏನೂ ಇಲ್ಲ, ಟ್ರೆಡ್‌ಮಿಲ್ ಆಗಲೇ ಕೊಂಡಿಟ್ಟಿದ್ದಾಗಿದೆ. ಮೂವಿಪಾಸ್‌ಗೆ ಪ್ರತಿ ಭೇಟಿಯೂ ರೊಕ್ಕದ ಖರ್ಚು. ಇನ್ನೊಂದು, ಜಿಮ್ಮಿಗೆ ಹೋಗಲು ಮನಸ್ಸನ್ನು ಒತ್ತಾಯಿಸಬೇಕು, ಸಿನಿಮಾಕ್ಕೆ ಯಾರೂ ಒತ್ತಾಯಿಸಬೇಕಿಲ್ಲ. ಕಾರ್ಡ್ ಜೇಬಿನಲ್ಲಿದ್ದರೆ, ಸಂಜೆ ಖಾಲಿಯಿದ್ದರೆ, ಜನ ಬಂದೇ ಬರುತ್ತಾರೆ.

ಸರಾಸರಿಯೂ ದಾರಿ ತಪ್ಪಿಸುತ್ತದೆ. ಆಗ ಅಮೆರಿಕನ್ನರು ತಲಾ ವರ್ಷಕ್ಕೆ ಮೂರು ನಾಲ್ಕು ಸಲ ಥಿಯೇಟರಿಗೆ ಹೋಗುತ್ತಿದ್ದರು ಎಂದು ನೋಡಿದರೆ 9.95 ಡಾಲರ್ ಪಾಸ್ ಲಾಭದ ಗಣಿಯಂತೆ ಕಾಣುತ್ತದೆ. ಆದರೆ ಪಾಸ್ ಕೊಳ್ಳುವವರು ಸರಾಸರಿ ಜನರಲ್ಲ. 2017ರ ಉದ್ಯಮದ ಅಂಕಿಅಂಶದ ಪ್ರಕಾರ ತಿಂಗಳಿಗೆ ಒಮ್ಮೆಯಾದರೂ ಥಿಯೇಟರಿಗೆ ಹೋಗುವವರು ಜನಸಂಖ್ಯೆಯ ಶೇ. 12 ಮಾತ್ರ, ಅವರು ಕೊಳ್ಳುವ ಟಿಕೆಟ್ಟುಗಳು ಒಟ್ಟು ಟಿಕೆಟ್ಟುಗಳಲ್ಲಿ ಹೆಚ್ಚುಕಡಿಮೆ ಅರ್ಧ. ಪಾಸ್ ಬಿಟ್ಟ ದಿನ ಸಾಲಿನಲ್ಲಿ ಮೊದಲು ನಿಲ್ಲುವವರು ಇವರೇ.

ನಮ್ಮಲ್ಲಿ ಇವರು ಯಾರೆಂದು ತಿಳಿಯಲು, ಪದೇ ಪದೇ ಬರುವ ಗಿರಾಕಿಗಳಿಗೆ ಕೊಡುವ ಲಾಯಲ್ಟಿ ಕಾರ್ಡಿನ ಎರಡು ವರ್ಷದ ದಾಖಲೆ ತೆಗೆಸಿದೆ. ಹೆಸರುಗಳನ್ನು ಅಳಿಸಿ, ಪ್ರತಿ ಕಾರ್ಡ್ ತಿಂಗಳಿಗೆ ಎಷ್ಟು ಸಲ ಬಂದಿದೆ, ಬಂದಾಗ ಕೌಂಟರಿನಲ್ಲಿ ಏನು ಕೊಂಡಿದೆ, ಎಷ್ಟು ಟಿಕೆಟ್ ಒಟ್ಟಿಗೆ ತೆಗೆದಿದೆ ಎಂದು ಸಾಲು ಸಾಲಾಗಿ ಹಾಕಿದೆ. ಆಮೇಲೆ ಒಂದು ಭೇಟಿಯಿಂದ ನಮಗೆ ನಿಜವಾಗಿ ಉಳಿಯುವುದೆಷ್ಟು ಎಂದು ಬಿಡಿಸಿದೆ. ನಮ್ಮ ಟಿಕೆಟ್ ಸರಾಸರಿ 8.50 ಡಾಲರ್. ಅದರಲ್ಲಿ ಶೇ. 55ರ ಹತ್ತಿರ, ಅಂದರೆ 4.70, ವಿತರಕರಿಗೆ. ನಮಗೆ 3.80. ಪಾಪ್‌ಕಾರ್ನ್, ಸೋಡಾ ಇತ್ಯಾದಿ ತಲಾ 4.50 ಡಾಲರ್ ವ್ಯಾಪಾರ, ಅದರಲ್ಲಿ ಶೇ. 85ರಷ್ಟು ನಮ್ಮದೇ, ಅಂದರೆ ಮತ್ತೆ 3.80. ಒಂದು ಭೇಟಿಗೆ 7.60 ಡಾಲರ್. ಅರ್ಧ ದುಡ್ಡು ಪರದೆಯಿಂದ, ಅರ್ಧ ಪಾಪ್‌ಕಾರ್ನ್ ಯಂತ್ರದಿಂದ.

ಥಿಯೇಟರಿನವರ ಪಾಸ್ ಮತ್ತು ಹೊರಗಿನವರ ಪಾಸ್ ಬೇರೆ ಬೇರೆ ವ್ಯಾಪಾರವೆಂದು ನನಗೆ ಹೊಳೆದದ್ದು ಈ ಸಾಲು ಬರೆದ ಮೇಲೆ. ಮಂಗಳವಾರ ಸಂಜೆ ಹೇಗೂ ಖಾಲಿ ಬೀಳುವ ಸೀಟಿನಲ್ಲಿ ಒಬ್ಬರು ಕೂತರೆ ನಮಗೆ ತಗಲುವುದು ವಿತರಕರ 4.70, ಬರುವುದು ಪಾಪ್‌ಕಾರ್ನಿನ 3.80. ಅಂತರ 90 ಸೆಂಟ್. ಅದೇ ಸೀಟಿಗೆ ಮೂವಿಪಾಸ್ ಕೊಡುತ್ತಿದ್ದದ್ದು ಪೂರ್ತಿ ಟಿಕೆಟ್ಟಿನ ಬೆಲೆ, ಪಾಪ್‌ಕಾರ್ನಿನಲ್ಲಿ ಪಾಲು ಸೊನ್ನೆ. ಅವರು ಪಾಲು ಕೇಳಿದ್ದರು. ದೇಶದ ಅತಿ ದೊಡ್ಡ ಥಿಯೇಟರ್ ಸರಪಳಿ ಎಎಂಸಿ ಸಾಫಾಗಿ ಇಲ್ಲವೆಂದಿತು. 2018ರ ಜನವರಿಯಲ್ಲಿ ಎಎಂಸಿಯ ಹತ್ತು ಥಿಯೇಟರುಗಳನ್ನು ಅವರು ತಮ್ಮ ಅಪ್ಲಿಕೇಶನ್ನಿನಿಂದ ತೆಗೆದರು, ಆದರೂ ಎಎಂಸಿ ಬಗ್ಗಲಿಲ್ಲ. ಬಗ್ಗಬೇಕಾದ ಕಾರಣವೂ ಇರಲಿಲ್ಲ. ಪೂರ್ಣ ಬೆಲೆ ಕೊಟ್ಟು ಗಿರಾಕಿಯನ್ನು ಬಾಗಿಲಿಗೆ ತಂದು ಬಿಡುವವರಿಗೆ ಮೇಲೆ ಕಮಿಷನ್ ಯಾರು ಕೊಡುತ್ತಾರೆ?

ಇನ್ನು ಮಾಲೀಕರು ಬಯಸಿದ ಮಿತಿಯಿಲ್ಲದ ಪಾಸ್. ತಿಂಗಳಿಗೆ 16 ಡಾಲರ್ ಇಟ್ಟು ನೋಡಿದೆ. ಒಂದು ಸಲ ಬರುತ್ತಿದ್ದವರು ಪಾಸ್ ಕೊಂಡು ಮೂರು ಸಲ ಬಂದರು ಎನ್ನಿ. ಮೊದಲು ಅವರಿಂದ ನಮಗೆ 7.60 ಉಳಿಯುತ್ತಿತ್ತು, ಈಗ ಚಂದಾದ 16ರಲ್ಲಿ ಭೇಟಿಗೆ 90 ಸೆಂಟಿನಂತೆ ಕಳೆದು 13.30. ಸಂತೋಷ. ಎರಡು ಸಲ ಬರುತ್ತಿದ್ದವರು ಮೂರು ಸಲ ಬಂದರೆ 15.20 ಇದ್ದದ್ದು 13.30ಕ್ಕೆ ಇಳಿಯಿತು. ನಾಲ್ಕು ಸಲ ಬರುತ್ತಿದ್ದವರು ಐದು ಸಲ ಬಂದರೆ 30.40 ಇದ್ದದ್ದು 11.50. ಹತ್ತೊಂಬತ್ತು ಡಾಲರ್ ಹತ್ತಿರ ನಷ್ಟ, ಅದೂ ನಮ್ಮ ಥಿಯೇಟರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರಿಂದ. ನಾನು ಈ ಹಾಳೆಯನ್ನು ಮಾಲೀಕರ ಮುಂದಿಟ್ಟಾಗ ಅವರು ಬಹಳ ಹೊತ್ತು ಕೊನೆಯ ಸಾಲನ್ನೇ ನೋಡುತ್ತಿದ್ದರು. ಆಮೇಲೆ, ಹಾಗಾದರೆ ಪಾಸ್ ಬೇಡವೇ ಬೇಡವೇ ಎಂದು ಕೇಳಿದರು.

ಬೇಕು, ಆದರೆ ಮಿತಿ ಇರಲಿ ಅಂದೆ. ಇನ್ನೊಂದು ದೊಡ್ಡ ಥಿಯೇಟರ್ ಸರಪಳಿ ಸಿನೆಮಾರ್ಕ್ 2017ರ ಡಿಸೆಂಬರಿನಲ್ಲೇ 8.99 ಡಾಲರಿಗೆ ತಿಂಗಳಿಗೊಂದು ಟಿಕೆಟ್, ಬಳಸದಿದ್ದರೆ ಮುಂದಿನ ತಿಂಗಳಿಗೆ, ತಿಂಡಿಗೆ ಶೇ. 20 ರಿಯಾಯಿತಿ ಎಂದು ಮಾಡಿತ್ತು. ನೋಡಲು ಸಪ್ಪೆ, ಲೆಕ್ಕದಲ್ಲಿ ಗಟ್ಟಿ. ನಾವು 14 ಡಾಲರಿಗೆ ತಿಂಗಳಿಗೆ ಎರಡು ಟಿಕೆಟ್, ಮೂರನೆಯದರಿಂದ 7 ಡಾಲರ್ ಎಂದು ನಿಗದಿ ಮಾಡಿದೆವು. ನಾಲ್ಕು ಸಲ ಬರುವವರ ಮೇಲಿನ ನಷ್ಟ ಹತ್ತೊಂಬತ್ತರಿಂದ ಆರು ಡಾಲರಿಗೆ ಇಳಿಯಿತು. ಒಂದು ಸಲ ಬರುತ್ತಿದ್ದವರು ಎರಡು ಸಲ ಬಂದರೆ 4.60 ಹೆಚ್ಚು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದವರು ತಿಂಗಳಿಗೆ ಎರಡು ಸಲ ಬಂದರೆ 8.40 ಹೆಚ್ಚು. ಅಂದರೆ ಇಡೀ ಯೋಜನೆ ನಿಂತದ್ದು ಅಪರೂಪಕ್ಕೆ ಬರುವವರನ್ನು ಎಳೆದು ತರುವುದರ ಮೇಲೆ.

ನಾವು ಹಾಳೆ ತಿದ್ದುತ್ತಿದ್ದ ಬೇಸಿಗೆಯಲ್ಲೇ ಅತ್ತ ಎಲ್ಲವೂ ಕುಸಿಯುತ್ತಿತ್ತು. ಮೂವಿಪಾಸ್‌ನ ಮಾತೃಸಂಸ್ಥೆ ಹೀಲಿಯಾಸ್ ಅಂಡ್ ಮ್ಯಾಥೆಸನ್ ತಿಂಗಳಿಗೆ ಸರಾಸರಿ 2 ಕೋಟಿ 17 ಲಕ್ಷ ಡಾಲರ್ ನಗದು ಕೊರತೆ ಇದೆಯೆಂದು ಆ ಮೇ ತಿಂಗಳಲ್ಲಿ ತಾನೇ ತಿಳಿಸಿತ್ತು. ಜೂನ್‌ನಲ್ಲಿ ಎಎಂಸಿ 19.95 ಡಾಲರಿಗೆ ವಾರಕ್ಕೆ ಮೂರು ಸಿನಿಮಾದ ಸ್ವಂತ ಪಾಸ್ ತಂದಿತು. ಜುಲೈನಲ್ಲಿ ಮೂವಿಪಾಸ್ ಒಂದು ದಿನ ಟಿಕೆಟ್ಟಿಗೆ ದುಡ್ಡಿಲ್ಲದೆ ನಿಂತಿತು, ಬಾಕಿ ತೀರಿಸಲು 50 ಲಕ್ಷ ಡಾಲರ್ ಸಾಲ ಮಾಡಿತು. ಆಗಸ್ಟ್ ಹೊತ್ತಿಗೆ ದಿನಕ್ಕೊಂದು ಹೋಗಿ ತಿಂಗಳಿಗೆ ಮೂರು ಆಯಿತು. 2019ರ ಸೆಪ್ಟೆಂಬರ್ 14ರಂದು ಬಾಗಿಲು ಮುಚ್ಚಿತು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು 2021ರಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮೂವಿಪಾಸ್ ಮೇಲೆ ಹೊರಿಸಿದ ಆರೋಪ. ಅತಿ ಹೆಚ್ಚು ಬಳಸುವ 75,000 ಚಂದಾದಾರರ ಪಾಸ್‌ವರ್ಡ್‌ಗಳನ್ನು, ಅನುಮಾನಾಸ್ಪದ ಚಟುವಟಿಕೆ ಎಂಬ ನೆಪ ಹೇಳಿ, ಕಂಪನಿಯೇ ಕೆಲಸ ಮಾಡದಂತೆ ಮಾಡಿತ್ತು ಎಂದು. ಓದಿದಾಗ ನನ್ನ ಹಾಳೆಯ ಕೊನೆಯ ಸಾಲು ಕಣ್ಣಮುಂದೆ ಬಂತು. ಒಳ್ಳೆಯ ಗಿರಾಕಿ ಬಂದಷ್ಟೂ ನಷ್ಟವಾಗುವಂತೆ ಬೆಲೆ ಕಟ್ಟಿದರೆ, ಒಂದಲ್ಲ ಒಂದು ದಿನ ಆ ಗಿರಾಕಿಯನ್ನೇ ಬಾಗಿಲಲ್ಲಿ ತಡೆಯಬೇಕಾಗುತ್ತದೆ. ಅವರು ನಂಬಿ ದುಡ್ಡು ಕಟ್ಟಿದವರು. ಅದು ನನಗೆ ಬರೀ ಲೆಕ್ಕದ ತಪ್ಪಾಗಿ ಕಾಣುವುದಿಲ್ಲ.

ನಮ್ಮ ಪಾಸ್ 2018ರ ಅಕ್ಟೋಬರಿನಲ್ಲಿ ಶುರುವಾಯಿತು. ಮೊದಲ ಮೂರು ತಿಂಗಳು ನನ್ನ ಅಂದಾಜು ಸುಳ್ಳಾಯಿತು. ಪಾಸ್ ಕೊಂಡವರಲ್ಲಿ ಮುಕ್ಕಾಲು ಪಾಲು ನಮ್ಮ ಹಳೆಯ ಮುಖಗಳೇ, ಅಪರೂಪದವರು ಬರಲೇ ಇಲ್ಲ. ತಪ್ಪು ನನ್ನದು. ಪಾಸಿನ ಸುದ್ದಿಯನ್ನು ಲಾಯಲ್ಟಿ ಕಾರ್ಡಿನವರಿಗೆ ಮಾತ್ರ ಕಳಿಸಿದ್ದೆ, ಅವರು ಆಗಲೇ ನಮ್ಮವರು. ಡಿಸೆಂಬರಿನಲ್ಲಿ ದಾರಿ ಬದಲಿಸಿ, ಮೂರು ತಿಂಗಳ ಪಾಸನ್ನು ಉಡುಗೊರೆಯಾಗಿ ಕೊಡಬಹುದು ಎಂದು ಮಾಡಿದೆವು. ಉಡುಗೊರೆ ಪಡೆದವರು ಬೇರೆಯದೇ ಜನ. ವರ್ಷಕ್ಕೆ ಎರಡು ಸಲ ಥಿಯೇಟರ್ ನೋಡಿದವರೂ ಅದರಲ್ಲಿದ್ದರು.

ಇವರಿಂದ ನಾನು ಎಣಿಸಿರದ ಒಂದು ಲಾಭವೂ ಬಂತು. ಪಾಸ್ ಒಬ್ಬರಿಗೇ, ಸಿನಿಮಾಕ್ಕೆ ಒಬ್ಬರೇ ಬರುವುದು ಕಮ್ಮಿ. ಪಕ್ಕದ ಸೀಟಿಗೆ ಪೂರ್ಣ ಬೆಲೆಯ ಟಿಕೆಟ್ ತೆಗೆದ ಸ್ನೇಹಿತರೋ ಮಗಳೋ ಇರುತ್ತಿದ್ದರು. ಅದು ಮತ್ತೊಂದು 7.60. ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೆ ಹೊಸ ಅಂಕಣ ಹಾಕಿದ ಮೇಲೆ, 2019ರ ಮಾರ್ಚ್ ತಿಂಗಳಲ್ಲಿ, ಯೋಜನೆ ಮೊದಲ ಸಲ ನಷ್ಟದಿಂದ ಮೇಲೆ ಬಂತು. ಮೊತ್ತ ದೊಡ್ಡದಲ್ಲ, ಮೂರು ಥಿಯೇಟರು ಸೇರಿ ಒಬ್ಬ ಕೆಲಸಗಾರನ ತಿಂಗಳ ಸಂಬಳದಷ್ಟು.

2020ರ ಮಾರ್ಚಿನಲ್ಲಿ ಥಿಯೇಟರುಗಳು ಮುಚ್ಚಿದ ದಿನವೇ ಎಲ್ಲ ಪಾಸುಗಳ ವಸೂಲಿ ನಿಲ್ಲಿಸಿದೆ. ಆ ತಿಂಗಳು ಆಗಲೇ ಕಟ್ಟಿದ್ದವರಿಗೆ 14 ಡಾಲರ್ ವಾಪಸ್ ಕಳಿಸಿದೆವು. ಕೆಲವರು ಅದನ್ನು ಬೇಡವೆಂದು, ಬಾಗಿಲು ತೆರೆದಾಗ ಆ ಎರಡು ಟಿಕೆಟ್ ಇಟ್ಟಿರಿ ಎಂದು ಬರೆದರು. ಅವರ ಹೆಸರಿನ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಮಾಡಿಟ್ಟೆ. ಮರುವರ್ಷ ಮೊದಲ ಆಟದ ದಿನ ಆ ಪಟ್ಟಿ ಹಿಡಿದು ಕೌಂಟರಿನಲ್ಲಿ ನಾನೇ ನಿಂತಿದ್ದೆ.