ಮಾತು ನಿಂತರೆ ವೇಗ ಇಳಿಸುತ್ತೇನೆ

ನಮ್ಮ ರಿಕ್ರಿಯೇಷನ್ ಸೆಂಟರ್‌ನ ದೊಡ್ಡ ಹಾಲ್‌ನಲ್ಲಿ ಬೆಳಗಿನ ವ್ಯಾಯಾಮದ ಗುಂಪೊಂದನ್ನು ನಾನು ನಡೆಸುತ್ತೇನೆ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ. ಬರುವವರಲ್ಲಿ ಐವತ್ತು ದಾಟಿದವರೇ ಜಾಸ್ತಿ. ಕೆಲವರಿಗೆ ಮಂಡಿ ನೋವು, ಕೆಲವರಿಗೆ ಬಿಪಿ, ಸಕ್ಕರೆ ಕಾಯಿಲೆ. ಇನ್ನು ಕೆಲವರಿಗೆ ಮೈಯಲ್ಲಿ ಯಾವ ತೊಂದರೆಯೂ ಇಲ್ಲ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಅಷ್ಟೆ. ಇವರನ್ನೆಲ್ಲ ಒಂದೇ ಹೊತ್ತಿಗೆ, ಒಂದೇ ಹಾಲ್‌ನಲ್ಲಿ ಹೇಗೆ ನೋಡಿಕೊಳ್ಳುತ್ತೀರಿ ಎಂದು ಬೇರೆ ಕಡೆ ಇಂಥದ್ದೇ ಗುಂಪು ಕಟ್ಟಬೇಕೆಂದಿರುವವರು ಕೇಳುತ್ತಾರೆ. ನಾನು ಮಾಡಿಕೊಂಡು ಬಂದಿರುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಮಾತು, ಮಾತಿನ ಬಗ್ಗೆಯೇ. ವ್ಯಾಯಾಮದ ಜೋರು ಎಷ್ಟಿದೆ ಎಂದು ತಿಳಿಯಲು ಟಾಕ್ ಟೆಸ್ಟ್ ಎಂಬ ಸರಳ ಪರೀಕ್ಷೆ ಇದೆ. ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಅಂದರೆ ಶ್ರಮ ಹದವಾಗಿದೆ. ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕಾಯಿತು ಅಂದರೆ ಜೋರಾಯಿತು. ಆರಾಮಾಗಿ ಹಾಡಬಹುದು ಅಂದರೆ ಇನ್ನೂ ಸ್ವಲ್ಪ ಬೀಸಾಗಿ ನಡೆಯಬಹುದು. ನಮ್ಮ ಗುಂಪಿನಲ್ಲಿ ಕೆಲವರು ಕೈಗೆ ಕಟ್ಟಿಕೊಂಡ ವಾಚ್ ನೋಡಿ ಹೃದಯದ ಬಡಿತ ಲೆಕ್ಕ ಹಾಕುತ್ತಿದ್ದರು. ಆದರೆ ಬಿಪಿ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತವನ್ನು ಆ ಮಾತ್ರೆಯೇ ಕಡಿಮೆ ಮಾಡಿಬಿಡುತ್ತದೆ. ವಾಚ್ ‘ಇನ್ನೂ ಜೋರು ಮಾಡಿ’ ಅನ್ನುವ ಹೊತ್ತಿಗೆ ಅವರು ಆಗಲೇ ಸುಸ್ತಾಗಿರುತ್ತಾರೆ. ಅಂಥವರಿಗೆ ಉಸಿರು ಮತ್ತು ಮಾತು ಹೇಳುವುದನ್ನೇ ನಂಬಲು ಹೇಳುತ್ತೇನೆ.

ಹಾಗಾಗಿ ನಮ್ಮ ಹಾಲ್‌ನಲ್ಲಿ ನಡಿಗೆ ಅಂದರೆ ಇಬ್ಬಿಬ್ಬರು ಜೋಡಿಯಾಗಿ, ಮಾತಾಡುತ್ತಾ ಗೋಡೆಯಂಚಿನಲ್ಲಿ ಸುತ್ತು ಹಾಕುವುದು. ನಾನು ನಡುವೆ ನಿಂತು ಕಿವಿ ಕೊಡುತ್ತೇನೆ. ಹಾಲ್ ತುಂಬಾ ಗುಜುಗುಜು ಇದ್ದರೆ ಎಲ್ಲ ಸರಿಯಿದೆ. ಒಂದು ಜೋಡಿಯ ಮಾತು ನಿಂತಿತೋ, ಅವರ ಹತ್ತಿರ ಹೋಗುತ್ತೇನೆ. ಇಡೀ ಹಾಲ್ ಮೌನವಾಯಿತೋ, ಎಲ್ಲರಿಗೂ ವೇಗ ಇಳಿಸಲು ಹೇಳುತ್ತೇನೆ. ಈ ಕಾರಣಕ್ಕೇ ನಡಿಗೆಯ ಹೊತ್ತಿನಲ್ಲಿ ಹಾಡು ಹಾಕುವುದಿಲ್ಲ. ಹಾಲ್‌ನಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಕಿವಿ ಸ್ವಲ್ಪ ಮಂದ ಇರುವವರಿಗೆ ಆ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಅವರು ಸುಮ್ನೆ ತಲೆಯಾಡಿಸಿ ನಕ್ಕು ಮುಂದೆ ಹೋಗುತ್ತಾರೆ. ಸ್ವಲ್ಪ ದಿನ ಬಿಟ್ಟು ಬರುವುದನ್ನೇ ನಿಲ್ಲಿಸುತ್ತಾರೆ.

ಪ್ರತಿ ಎರಡು ವಾರಕ್ಕೆ ಜೋಡಿ ಬದಲಾಗುತ್ತದೆ. ದಿನಾ ಬದಲಾಯಿಸಿದರೆ ಪರಿಚಯ ಹೆಸರಿನಿಂದ ಮುಂದೆ ಹೋಗುವುದಿಲ್ಲ. ಬದಲಾಯಿಸದೇ ಇದ್ದರೆ ಗುಂಪಿನೊಳಗೆ ಗುಂಪು ಆಗುತ್ತದೆ. ಎರಡು ವಾರ ಅಂದರೆ ಮಕ್ಕಳು ಎಲ್ಲಿದ್ದಾರೆ, ಯಾವ ಮಂಡಿ ನೋಯುತ್ತದೆ, ರಾತ್ರಿ ನಿದ್ದೆ ಬರುತ್ತದಾ ಇಲ್ಲವಾ, ಎಲ್ಲವೂ ಒಬ್ಬರಿಗೊಬ್ಬರಿಗೆ ಗೊತ್ತಾಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ಶ್ರಮ ಬೇಕು. ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸವೂ ಇರಬೇಕು. ನಮ್ಮ ಮೂರು ಗಂಟೆಯಲ್ಲಿ ಮೈ ಬೆಚ್ಚಗಾಗಿಸುವುದು, ಕುರ್ಚಿ ವ್ಯಾಯಾಮ, ಒಂಟಿ ಕಾಲಿನ ಅಭ್ಯಾಸ ಎಲ್ಲ ಕಳೆದರೆ ನಡಿಗೆಗೆ ಅಷ್ಟು ನಿಮಿಷ ಉಳಿಯುವುದಿಲ್ಲ. ಉಳಿದ ನಡಿಗೆ ಮನೆಯ ಕಡೆ ಆಗಬೇಕು. ಅದು ನಾನು ಹೇಳಿದ್ದಕ್ಕೆ ಆಗುವುದಲ್ಲ. ಜೋಡಿಯವರು ‘ಸಂಜೆ ಒಂದು ಸುತ್ತು ಹೋಗೋಣ್ವಾ’ ಎಂದಾಗ ಆಗುತ್ತದೆ.

ಇನ್ನು ಕುರ್ಚಿ. ನನ್ನ ಪ್ರಕಾರ ಇಡೀ ಗಂಟೆಯಲ್ಲಿ ತುಂಬಾ ಬೆಲೆಯುಳ್ಳದ್ದು ಇದೇ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕಮ್ಮಿಯಾಗುತ್ತಾ ಬರುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಅದು ಮೊದಲು ಗೊತ್ತಾಗುವುದು ಕುರ್ಚಿಯಿಂದ ಏಳುವಾಗ. ಕೈ ಊರದೆ ಏಳಲು ಆಗದಿದ್ದರೆ ತೊಡೆಯ ಬಲ ಇಳಿದಿರಬಹುದು.

ನಾವು ಬಳಸುವುದು ಕೈಯಿಲ್ಲದ ಗಟ್ಟಿ ಕುರ್ಚಿ, ಆಸನದ ಎತ್ತರ ಸುಮಾರು 43 ಸೆಂಟಿಮೀಟರ್. ಹಿಂದೆ ಸರಿಯದಂತೆ ಗೋಡೆಗೆ ತಾಗಿಸಿ ಇಡುತ್ತೇವೆ. ಮೊದಲು ಆಸನದ ಮುಂಭಾಗಕ್ಕೆ ಜರುಗಿ ಕೂರಬೇಕು. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಮುಂದಕ್ಕೆ ಬಾಗಿ, ಆಮೇಲೆ ಏಳಬೇಕು. ತುಂಬಾ ಜನ ಬಾಗುವುದೇ ಇಲ್ಲ. ನೇರವಾಗಿ ಮೇಲಕ್ಕೆ ಹೋಗಲು ನೋಡುತ್ತಾರೆ, ಆಗಲ್ಲ, ‘ನನಗೆ ಶಕ್ತಿ ಇಲ್ಲ’ ಅನ್ನುತ್ತಾರೆ. ಬಾಗುವುದನ್ನು ಕಲಿಸಿದರೆ ಅದೇ ಬೆಳಿಗ್ಗೆ ಎದ್ದು ನಿಲ್ಲುತ್ತಾರೆ. ಅವರ ಮುಖ ನೋಡಬೇಕು ಆಗ! ಕೂರುವಾಗ ದೊಪ್ಪೆಂದು ಬೀಳಬಾರದು. ಮೂರು ಎಣಿಸುತ್ತಾ ನಿಧಾನ ಇಳಿಯಬೇಕು. ಹಾಗೆ ಇಳಿಯುವಾಗಲೂ ತೊಡೆಗೆ ಒಳ್ಳೆಯ ಕೆಲಸ ಸಿಗುತ್ತದೆ. ಆಗಲೂ ಏಳಲು ಕಷ್ಟವಾದವರಿಗೆ ಆಸನದ ಮೇಲೆ ಗಟ್ಟಿ ಮೆತ್ತೆ ಹಾಕಿ ಎತ್ತರ ಮಾಡುತ್ತೇವೆ, ಬಲ ಬಂದಂತೆ ತೆಗೆಯುತ್ತೇವೆ.

ಆಗಾಗ 30 ಸೆಕೆಂಡ್ ಪರೀಕ್ಷೆ ಇಡುತ್ತೇನೆ. ರಿಕ್ಲಿ ಮತ್ತು ಜೋನ್ಸ್ ಎಂಬ ಸಂಶೋಧಕರು ಹಿರಿಯರಿಗಾಗಿ ರೂಪಿಸಿದ ಪರೀಕ್ಷೆಗಳಲ್ಲಿ ಇದೂ ಒಂದು. ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸುವುದು. ಎಣಿಸುವುದು ಜೋಡಿಯವರ ಕೆಲಸ. ಅಂಕಿಯನ್ನು ಅವರವರ ಪುಸ್ತಕದಲ್ಲಿ ಮಾತ್ರ ಬರೆಯಿಸುತ್ತೇನೆ. ಗೋಡೆಯ ಮೇಲೆ ಪಟ್ಟಿ ಹಾಕಿ ಎಂದು ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಕಡಿಮೆ ಅಂಕಿಯವರು ಆ ಪಟ್ಟಿಯ ಮುಂದೆ ಹಾದು ಒಳಗೆ ಬರಬೇಕಲ್ವಾ.

ಗುಂಪು ಉಳಿಯಬೇಕಾದರೆ ಬರುವವರಿಗೆ ಒಂದು ಕೆಲಸ ಇರಬೇಕು. ಇದನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ. ಕುರ್ಚಿ ಜೋಡಿಸುವವರು, ಹಾಜರಿ ಕೂಗುವವರು, ಸ್ಟಾಪ್‌ವಾಚ್ ಹಿಡಿಯುವವರು, ಕಿಟಕಿ ತೆಗೆಯುವವರು, ಹೊಸಬರನ್ನು ಬಾಗಿಲಲ್ಲೇ ಮಾತಾಡಿಸುವವರು, ಹೀಗೆ ಒಂದೊಂದು ಕೆಲಸ ಒಬ್ಬೊಬ್ಬರದು. ಹೆಂಡತಿ ತೀರಿಕೊಂಡ ಮೇಲೆ ಬರಲು ಶುರು ಮಾಡಿದ ಹಿರಿಯರೊಬ್ಬರು ಯಾವಾಗಲೂ ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ವ್ಯಾಯಾಮ ಮುಗಿದ ಕೂಡಲೇ ಯಾರ ಜೊತೆಯೂ ಮಾತಾಡದೆ ಹೊರಟುಬಿಡುತ್ತಿದ್ದರು. ಅವರಿಗೆ ಸ್ಟಾಪ್‌ವಾಚ್ ಕೊಟ್ಟೆ. ಸಮಯ ಹೇಳಬೇಕು ಅಂದರೆ ಎಲ್ಲರಿಗೂ ಕಾಣುವ ಹಾಗೆ ನಡುವೆ ನಿಲ್ಲಬೇಕು, ಗಟ್ಟಿಯಾಗಿ ಕೂಗಬೇಕು. ‘ಸರ್, ನನ್ನ 30 ಸೆಕೆಂಡ್ ಇವತ್ತು ಬೇಗ ಮುಗೀತು’ ಎಂದು ಜನ ಅವರ ಹತ್ತಿರ ಜಗಳಕ್ಕೆ ಬರಲು ಶುರು ಮಾಡಿದರು. ಅವರೂ ಉತ್ತರ ಕೊಡಲು ಶುರು ಮಾಡಿದರು. ಈಗ ಅವರು ಹಾಲ್ ಬೀಗ ತೆಗೆಯುವ ಮುಂಚೆಯೇ ಬಂದಿರುತ್ತಾರೆ.

ಕುರ್ಚಿ ಹೊತ್ತು ಜೋಡಿಸುವುದನ್ನು ‘ಅದು ಕೆಲಸದವರ ಕೆಲಸ’ ಎಂದು ಮೊದಮೊದಲು ಕೆಲವರು ಹಿಂಜರಿದರು. ಅವರಿಗೆ ನಾನು ಲಂಡನ್ ಬಸ್ಸುಗಳ ಕಥೆ ಹೇಳುತ್ತೇನೆ. ಜೆರೆಮಿ ಮಾರಿಸ್ ಮತ್ತು ಜೊತೆಯವರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ದಿನವಿಡೀ ಕುಳಿತು ಬಸ್ ಓಡಿಸುವ ಚಾಲಕರಿಗಿಂತ, ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತ್ತು. ಆ ಕಂಡಕ್ಟರ್‌ಗಳು ವ್ಯಾಯಾಮ ಅಂತ ಏನೂ ಮಾಡುತ್ತಿರಲಿಲ್ಲ, ಟಿಕೆಟ್ ಕೊಡುತ್ತಿದ್ದರು. ಇದನ್ನು ಕೇಳಿದ ಮೇಲೆ ಕುರ್ಚಿಗೆ ಕೈ ಹಾಕುವವರು ಜಾಸ್ತಿಯಾದರು.

ಯಾರಾದರೂ ಎರಡು ಸಲ ಬರಲಿಲ್ಲ ಅಂದರೆ ಫೋನ್ ಹೋಗುತ್ತದೆ. ನನ್ನಿಂದಲ್ಲ, ಜೋಡಿಯವರಿಂದ. ‘ಯಾಕೆ ಬರಲಿಲ್ಲ’ ಎಂದು ಕೇಳಬಾರದು ಎಂದು ಹೇಳಿಟ್ಟಿದ್ದೇನೆ. ಹಾಗೆ ಕೇಳಿದರೆ ಕಾರಣ ಹುಡುಕುವ ಕಷ್ಟ ಅವರ ತಲೆಗೆ ಬರುತ್ತದೆ. ‘ನಾಳೆ ನಾನು ಬೇಗ ಹೋಗ್ತೀನಿ, ಜೊತೆಗೆ ಬರ್ತೀರಾ?’ ಅಂದರೆ ಸಾಕು. ಕಾಯಿಲೆ ಬಿದ್ದಿದ್ದರೆ ಅವರಾಗಿಯೇ ಹೇಳುತ್ತಾರೆ.

ಹಾಲ್‌ನ ಆಚೆ ಬದಿಯಲ್ಲಿರುವ ಬ್ಯಾಡ್ಮಿಂಟನ್ ಕೋರ್ಟ್‌ನ ವಿಷಯ ಸ್ವಲ್ಪ ಸೂಕ್ಷ್ಮ. ಡಬಲ್ಸ್ ಕೋರ್ಟ್ ಅಂದರೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಅಷ್ಟು ಜಾಗದಲ್ಲಿ ಒಂದು ಸಲಕ್ಕೆ ನಾಲ್ಕೇ ಜನ. ಚೆನ್ನಾಗಿ ಆಡುವ ನಾಲ್ವರು ಸಂಜೆಯೆಲ್ಲ ತಮ್ಮೊಳಗೇ ಆಡುತ್ತಿದ್ದರು, ಗೆದ್ದವರು ಕೋರ್ಟ್ ಬಿಡುತ್ತಿರಲಿಲ್ಲ. ಹೊಸದಾಗಿ ರ್‍ಯಾಕೆಟ್ ಕೊಂಡು ಬಂದವರು ಬೆಂಚಿನಲ್ಲಿ ಕೂತು ನೋಡಿ ಮನೆಗೆ ಹೋಗುತ್ತಿದ್ದರು. ಆ ನಾಲ್ವರದು ಕೆಟ್ಟ ಮನಸ್ಸಲ್ಲ. ಅವರಿಗೆ ಒಳ್ಳೆಯ ಆಟ ಬೇಕು, ಅಷ್ಟೆ. ಅದೂ ನ್ಯಾಯವೇ.

ನಾನು ನಾಲ್ವರ ಹತ್ತಿರವೂ ಬೇರೆ ಬೇರೆ ಮಾತಾಡಿದೆ, ಎಲ್ಲರ ಎದುರಿಗೆ ಅಲ್ಲ. ಆಮೇಲೆ ಗೋಡೆಗೆ ಒಂದು ಹಲಗೆ ಹಾಕಿಸಿ ಹೆಸರು ಬರೆದ ಬಿಲ್ಲೆಗಳನ್ನು ಇಟ್ಟೆವು. ಬಂದವರು ತಮ್ಮ ಬಿಲ್ಲೆಯನ್ನು ಸಾಲಿನ ಕೊನೆಗೆ ಸಿಕ್ಕಿಸಬೇಕು. ಜನ ಜಾಸ್ತಿ ಇದ್ದಾಗ 21ರ ಬದಲು 11 ಅಂಕದ ಒಂದೇ ಗೇಮ್. ಗೆದ್ದವರು, ಸೋತವರು ನಾಲ್ವರೂ ಹೊರಗೆ ಬರಬೇಕು, ಸಾಲಿನ ಮುಂದಿನ ನಾಲ್ಕು ಹೆಸರು ಒಳಗೆ. ಬದಲಿಗೆ ದಿನದ ಕೊನೆಯ ಗಂಟೆಯನ್ನು ಪೂರ್ತಿ ಪಂದ್ಯ ಆಡುವವರಿಗೇ ಬಿಟ್ಟಿದ್ದೇವೆ. ಹಲಗೆ ಬಂದ ಮೇಲೆ ‘ನಾನೂ ಆಡಬಹುದಾ’ ಎಂದು ಯಾರ ಹತ್ತಿರವೂ ಕೇಳಬೇಕಾಗಿಲ್ಲ. ನಾಚಿಕೆ ಸ್ವಭಾವದವರಿಗೆ ಆ ಪ್ರಶ್ನೆ ಕೇಳುವುದೇ ಆಟಕ್ಕಿಂತ ಕಷ್ಟವಾಗಿತ್ತು.

ಎಲ್ಲ ವಯಸ್ಸಿನವರೂ ಒಟ್ಟಿಗೆ ಆಡಲು ನಾವು ಆರಿಸಿಕೊಂಡದ್ದು ವಾಲಿಬಾಲ್. ಅದರ ಹುಟ್ಟು ನೋಡಿದರೆ ಇದಕ್ಕೇ ಹೇಳಿ ಮಾಡಿಸಿದ ಆಟ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರು. ನಾಲ್ಕು ವರ್ಷದ ನಂತರ ಪಕ್ಕದ ಹೋಲ್ಯೋಕ್ ಊರಿನ ವೈಎಂಸಿಎ ಜಿಮ್‌ನಲ್ಲಿ ವಿಲಿಯಂ ಮಾರ್ಗನ್, ಬ್ಯಾಸ್ಕೆಟ್‌ಬಾಲ್‌ನ ಓಟ ತಡೆಯಲಾಗದ ನಡುವಯಸ್ಸಿನವರಿಗಾಗಿ ಒಂದು ಮೆತ್ತನೆಯ ಆಟ ಕಟ್ಟಿದರು. ಅದೇ ಮುಂದೆ ವಾಲಿಬಾಲ್ ಆಯಿತು. ನಾವು ಹಗುರ ಚೆಂಡು ತೆಗೆದುಕೊಂಡು, ಬಲೆ ತಗ್ಗಿಸಿ, ಒಮ್ಮೆ ನೆಲಕ್ಕೆ ಪುಟಿದರೂ ಪರವಾಗಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇವೆ. ನಿಲ್ಲಲು ಆಗದವರು ಬಂದ ದಿನ ಎಲ್ಲರೂ ನೆಲದಲ್ಲಿ ಅಥವಾ ಕುರ್ಚಿಯಲ್ಲಿ ಕುಳಿತು ಆಡುತ್ತೇವೆ. ಕುಳಿತು ಆಡುವ ವಾಲಿಬಾಲ್ 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೇ ಇದೆ. ಹದಿಹರೆಯದ ಹುಡುಗರು ಕುಳಿತು ಆಡುವಾಗ ಅವರ ಎತ್ತರದ ಲಾಭ ಅರ್ಧ ಹೋಗುತ್ತದೆ. ಆಗ ಅಜ್ಜಿಯಂದಿರ ಸರ್ವ್ ಎದುರು ಅವರು ನಿಜವಾಗಿಯೂ ಒದ್ದಾಡುತ್ತಾರೆ.

ಸುರಕ್ಷತೆಯಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟು. ಎದೆ ನೋವು, ತಲೆ ಸುತ್ತು, ಹೊಸದಾಗಿ ಶುರುವಾದ ಉಸಿರುಗಟ್ಟುವಿಕೆ ಇದ್ದರೆ ಮೊದಲು ವೈದ್ಯರು, ಆಮೇಲೆ ನಾವು. ಹಾಲ್‌ನ ಬಾಗಿಲ ಪಕ್ಕ ಎಇಡಿ ಯಂತ್ರ, ಅಂದರೆ ಹೃದಯ ಇದ್ದಕ್ಕಿದ್ದಂತೆ ನಿಂತವರಿಗೆ ವಿದ್ಯುತ್ ಶಾಕ್ ಕೊಡುವ ಯಂತ್ರ, ತೂಗುಹಾಕಿದ್ದೇವೆ. ಅದು ಎಲ್ಲಿದೆ ಎಂದು ಪ್ರತಿಯೊಬ್ಬರಿಗೂ ಕಣ್ಣು ಮುಚ್ಚಿ ಗೊತ್ತಿರಬೇಕು. ಅಂಥವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ಸಿಪಿಆರ್ ಅಭ್ಯಾಸವನ್ನೂ ಬೊಂಬೆಯ ಮೇಲೆ ಮಾಡಿಸುತ್ತೇವೆ: ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದನ್ನು ಮಾಡುವಾಗ ಮಾತು ಖಂಡಿತ ನಿಲ್ಲುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಲು ಜೊತೆಗೆ ಇನ್ನೊಬ್ಬರು ಯಾಕೆ ಬೇಕು ಎಂದು ಅಲ್ಲೇ ಅರ್ಥವಾಗುತ್ತದೆ.

ಕೊನೆಗೆ ಕಲಿಸುವುದು ನೆಲದಿಂದ ಏಳುವುದನ್ನು. ವಯಸ್ಸಾದವರು ಬೀಳುವುದಕ್ಕೆ ಹೆದರುತ್ತಾರೆ. ಅದಕ್ಕಿಂತ ಜಾಸ್ತಿ ಹೆದರುವುದು ಬಿದ್ದ ಮೇಲೆ ಏಳಲಾಗದೆ ಒಬ್ಬರೇ ನೆಲದ ಮೇಲೆ ಉಳಿದುಬಿಡುವುದಕ್ಕೆ. ಆ ಹೆದರಿಕೆಯಲ್ಲಿ ಓಡಾಟ ಕಡಿಮೆ ಮಾಡುತ್ತಾರೆ, ಓಡಾಟ ಕಡಿಮೆಯಾದಂತೆ ಕಾಲಿನ ಬಲ ಇಳಿಯುತ್ತದೆ, ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ದಪ್ಪ ಮ್ಯಾಟ್ ಹಾಸಿ ಒಂದೊಂದೇ ಹೆಜ್ಜೆ ಕಲಿಸುತ್ತೇವೆ. ಮೊದಲು ಎಲ್ಲಿಯಾದರೂ ಪೆಟ್ಟಾಗಿದೆಯಾ ನೋಡಿಕೊಳ್ಳಿ. ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಹತ್ತಿರದ ಕುರ್ಚಿವರೆಗೆ ಹಾಗೇ ಹೋಗಿ. ಎರಡೂ ಕೈ ಆಸನದ ಮೇಲೆ, ಬಲವಾದ ಕಾಲು ಮುಂದೆ. ಒತ್ತಿ ಎದ್ದು, ತಿರುಗಿ, ಕೂತುಕೊಳ್ಳಿ. ಮಂಡಿ ಊರಲಾಗದವರಿಗೆ ಅಂಡಿನ ಮೇಲೆ ಜರುಗುತ್ತಾ ಮೆಟ್ಟಿಲಿನವರೆಗೆ ಹೋಗುವ ದಾರಿ ಇದೆ.

ಈ ಪಾಠವನ್ನು ಈಗ ನಾನು ಮಾಡುವುದಿಲ್ಲ. ಹಿಂದೆ ಮನೆಯಲ್ಲಿ ಬಿದ್ದು, ಆಮೇಲೆ ಇಲ್ಲಿ ಬಂದು ಕಲಿತ ಇಬ್ಬರು ಹೆಂಗಸರು ಮಾಡುತ್ತಾರೆ. ಅವರು ಮ್ಯಾಟ್ ಮೇಲೆ ಮಲಗಿ ‘ನಾನಿಲ್ಲೇ ಇದ್ದೀನಿ, ಬನ್ನಿ ಪಕ್ಕಕ್ಕೆ’ ಅಂದರೆ ಜನ ಬೇಗ ಕೆಳಗಿಳಿಯುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವವರಿಗಾಗಿ ಮಧ್ಯಾಹ್ನವೂ ಹಾಲ್ ಕೊಡಿ ಎಂದು ಸೆಂಟರ್‌ನವರನ್ನು ಕೇಳಿದ್ದೇವೆ. ಸಿಕ್ಕರೆ ಆ ಗುಂಪನ್ನು ನಡೆಸುವವರು ಇವರೇ. ಮೊದಲ ಕೆಲವು ವಾರ ನಾನು ಹೋಗಿ ಕುರ್ಚಿ ಜೋಡಿಸಿಕೊಡುತ್ತೇನೆ.