31ನೇ ಸಾಲಿನಲ್ಲಿ ಸಿಕ್ಕಿಬಿದ್ದ ಸಾಲ

ನಾನು ಅಟ್ಲಾಂಟಾದಲ್ಲಿ ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುತ್ತೇನೆ, ತೆರಿಗೆ ರಿಟರ್ನ್ ತುಂಬಿಕೊಡುತ್ತೇನೆ. ಹಾಸನ ಬಿಟ್ಟು ಹದಿನೇಳು ವರ್ಷ ಆಯಿತು. ನನ್ನ ಹತ್ತಿರ ಬರುವವರಲ್ಲಿ ಅರ್ಧ ನಮ್ಮವರು, ಮೋಟೆಲ್ ಇಟ್ಟವರು, ದಿನಸಿ ಅಂಗಡಿಯವರು. ಇನ್ನರ್ಧ ಕಪ್ಪು ಜನ. ಕಟಿಂಗ್ ಶಾಪ್, ಅಡುಗೆ ಕಾಂಟ್ರಾಕ್ಟ್, ಒಂದೊಂದು ಟ್ರಕ್ ಇಟ್ಟುಕೊಂಡವರು.

2020ರ ಏಪ್ರಿಲ್‌ನಲ್ಲಿ ಕೊರೊನಾ ಪರಿಹಾರಕ್ಕೆ ಅಮೆರಿಕ ಸರ್ಕಾರ ಸಣ್ಣ ವ್ಯಾಪಾರದವರಿಗೆ ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಅನ್ನುವ ಸಾಲ ಕೊಟ್ಟಿತು. ನಿಯಮದಂತೆ ಖರ್ಚು ಮಾಡಿದರೆ ಮನ್ನಾ. ಏಪ್ರಿಲ್ 3ಕ್ಕೆ ಶುರುವಾಯಿತು, ನೌಕರರಿಲ್ಲದೆ ಸ್ವಂತಕ್ಕೆ ದುಡಿಯುವವರಿಗೆ ಮಾತ್ರ 10ರಿಂದ. 16ಕ್ಕೆ 34,900 ಕೋಟಿ ಡಾಲರ್ ಪೂರ್ತಿ ಖಾಲಿ!

ನನ್ನ ಒಬ್ಬ ಮೋಟೆಲ್‌ನವರಿಗೆ ಬ್ಯಾಂಕಿನವರೇ ಫೋನ್ ಮಾಡಿ ಲಿಂಕ್ ಕಳಿಸಿದರು. ನಾನು ಕಾಗದ ಜೋಡಿಸಿಕೊಟ್ಟೆ, ಅಷ್ಟೇ, ದುಡ್ಡು ಬಂತು. ಅದೇ ವಾರ ಕಟಿಂಗ್ ಶಾಪ್ ಯಜಮಾನರ ಅರ್ಜಿಗೆ ಕೂತೆ. ಐವತ್ತೆಂಟು ವಯಸ್ಸು, ನಾಲ್ಕು ಕುರ್ಚಿಯ ಅಂಗಡಿ, ಅದೇ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಖಾತೆ. ಆದರೆ ಅದು ವೈಯಕ್ತಿಕ ಖಾತೆ. ವ್ಯಾಪಾರದ ಖಾತೆ ಇರಬೇಕು, ನಮ್ಮಲ್ಲಿ ಮೊದಲೇ ಸಾಲ ತೆಗೆದಿದ್ದರೆ ಅವರಿಗೆ ಮೊದಲು ಅಂದರು. ಯಾರೂ ಮೈಬಣ್ಣದ ಮಾತೆತ್ತಲಿಲ್ಲ. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ನನಗೆ ಅದೇ ಜಾಸ್ತಿ ನೋವಾಯಿತು.

ಯಾಕೆ ಮೊದಲು ಸಾಲ ತೆಗೆದಿರಲಿಲ್ಲ ಅಂತ ಕೇಳಿದೆ. "ಯಾರು ಕೊಡುತ್ತಿದ್ದರು?" ಅಂದರು. ಅವರ ತಂದೆ ಊರಿನ ನೈರುತ್ಯ ಭಾಗದಲ್ಲಿ, ಕಪ್ಪು ಜನರ ಬಡಾವಣೆಯಲ್ಲಿದ್ದವರು, ಖಾಯಂ ಕೆಲಸ ಇದ್ದವರು. ಮನೆ ಸಾಲ ಕೇಳಿ ಎರಡು ಸಲ ಬರಿಗೈಲಿ ಬಂದರಂತೆ. ಇದು ಬರೀ ಒಂದು ಮನೆಯ ಕತೆ ಅಲ್ಲ. 1988ರಲ್ಲಿ ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್ ಪತ್ರಿಕೆ ಬ್ಯಾಂಕುಗಳ ದಾಖಲೆಯನ್ನೇ ಜಾಲಾಡಿ, ಒಂದೇ ಮಟ್ಟದ ಆದಾಯ ಇದ್ದರೂ ಬಿಳಿಯರ ಬಡಾವಣೆಗೆ ಕಪ್ಪು ಜನರ ಬಡಾವಣೆಗಿಂತ ಐದು ಪಟ್ಟು ಮನೆ ಸಾಲ ಹೋಗುತ್ತಿದೆ ಅಂತ ಬರೆಯಿತು. ಇಲ್ಲಿ ಎಷ್ಟೋ ಜನ ಅಂಗಡಿ ಹಾಕುವುದು ಮನೆ ಅಡವಿಟ್ಟು ತಂದ ದುಡ್ಡಿನಲ್ಲಿ. ತಂದೆಗೆ ಮನೆ ಇಲ್ಲ ಅಂದರೆ ಮಗನಿಗೆ ಬಂಡವಾಳ ಇಲ್ಲ, ಕ್ರೆಡಿಟ್ ಕಾರ್ಡೇ ಗತಿ. ಇಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2019ರ ಸಮೀಕ್ಷೆಯ ಪ್ರಕಾರ ಬಿಳಿಯರಲ್ಲಿ ಸರಿಯಾಗಿ ನಡುವೆ ಬರುವ ಕುಟುಂಬದ, ಸಾಲ ಕಳೆದ ಮೇಲಿನ ಆಸ್ತಿ 1,88,200 ಡಾಲರ್, ಕಪ್ಪು ಜನರಲ್ಲಿ 24,100. ಎರಡನೆಯ ಅಂಕಿಯ ಒಳಗೆ ಇಂಥ ಎಷ್ಟು ತಂದೆಯಂದಿರು ಇದ್ದಾರೋ.

ಮೊದಲ ಸುತ್ತು ಹಾಗೆ ಹೋಯಿತು. ಸರ್ಕಾರ ಮತ್ತೆ ದುಡ್ಡು ಹಾಕಿದ ಎರಡನೇ ಸುತ್ತಿಗೆ ನಾನು ದೊಡ್ಡ ಬ್ಯಾಂಕಿನ ಆಸೆ ಬಿಟ್ಟೆ. ಇಲ್ಲಿ ಸಿಡಿಎಫ್‌ಐ ಅಂತ ಸಮುದಾಯ ಸಾಲ ಸಂಸ್ಥೆಗಳಿವೆ, ಬ್ಯಾಂಕುಗಳು ಬೆನ್ನು ತಿರುಗಿಸಿದ ಕಡೆ ಸಾಲ ಕೊಡುವುದೇ ಅವುಗಳ ಕೆಲಸ. ಅಂಥದ್ದೊಂದಕ್ಕೆ ಅರ್ಜಿ ಹಾಕಿಸಿದೆ. ಒಪ್ಪಿಗೆ ಸಿಕ್ಕಿತು. ಎಷ್ಟು ಗೊತ್ತಾ? 2,000 ಡಾಲರ್.

ಯಾಕೆ ಅಂತ ಹೇಳುತ್ತೇನೆ, ಇದೇ ಮುಖ್ಯ. ಕಟಿಂಗ್ ಶಾಪಿನಲ್ಲಿ ಉಳಿದ ಮೂರು ಕುರ್ಚಿಯವರು ನೌಕರರಲ್ಲ, ವಾರಕ್ಕಿಷ್ಟು ಅಂತ ಕುರ್ಚಿ ಬಾಡಿಗೆ ಕೊಡುವವರು. ಹಾಗಾಗಿ ಸಂಬಳದ ಪಟ್ಟಿ ಇಲ್ಲ. ಪಿಪಿಪಿ ಸಾಲ ಎಷ್ಟು ಅಂತ ನಿರ್ಧಾರ ಆಗುತ್ತಿದ್ದದ್ದು ಎರಡೂವರೆ ತಿಂಗಳ ಸಂಬಳದ ಖರ್ಚಿನ ಮೇಲೆ. ಸಂಬಳ ಇಲ್ಲದವರಿಗೆ ಲೆಕ್ಕ ಹಿಡಿಯುತ್ತಿದ್ದದ್ದು ತೆರಿಗೆಯ ಶೆಡ್ಯೂಲ್ ಸಿ ಫಾರ್ಮಿನ 31ನೇ ಸಾಲಿನಿಂದ, ಅಂದರೆ ಖರ್ಚೆಲ್ಲ ಕಳೆದ ಮೇಲಿನ ಲಾಭ. ಅವರದು 9,600. ಅದನ್ನು 12ರಿಂದ ಭಾಗಿಸಿ ಎರಡೂವರೆ ತಿಂಗಳಿಗೆ ಲೆಕ್ಕ ಹಾಕಿದರೆ 2,000. ಅಂಗಡಿ ಬಾಡಿಗೆ ಒಂದು ತಿಂಗಳಿಗೂ ಸಾಲದು. ಕಪ್ಪು ಜನರ ಅಂಗಡಿಗಳಲ್ಲಿ ನೌಕರರಿಲ್ಲದೆ ಒಬ್ಬರೇ ನಡೆಸುವವುಗಳ ಪಾಲು ಜಾಸ್ತಿ. ಹಾಗಾಗಿ ಜನಾಂಗ ಕೇಳದ ಫಾರ್ಮು ಕೂಡ ಹೊಡೆತ ಕೊಟ್ಟದ್ದು ಅವರಿಗೇ.

2021ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. ಇನ್ನು ಮುಂದೆ 7ನೇ ಸಾಲು, ಅಂದರೆ ಖರ್ಚು ಕಳೆಯುವ ಮುಂಚಿನ ಒಟ್ಟು ಆದಾಯ ಹಿಡಿಯಬಹುದು ಅಂತ. ಆ ದಿನ ರಾತ್ರಿಯೇ ಅವರ ಹಳೆಯ ರಿಟರ್ನ್ ತೆಗೆದೆ. 7ನೇ ಸಾಲಿನಲ್ಲಿ 72,000. ಲೆಕ್ಕ ಹಾಕಿದರೆ 15,000! ಅದೇ ಮನುಷ್ಯ, ಅದೇ ಅಂಗಡಿ, ಅದೇ ಕಾಗದ. ಬೆಳಗ್ಗೆ ಫೋನ್ ಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಒಮ್ಮೆ 2,000 ಪಡೆದಿದ್ದರಿಂದ ಇದು ಅವರ ಎರಡನೇ ಸಾಲ. ಎರಡನೇ ಸಲದ ಅರ್ಜಿಗೆ 2020ರಲ್ಲಿ ಒಂದು ತ್ರೈಮಾಸಿಕದಲ್ಲಾದರೂ ಆದಾಯ ಶೇ. 25 ಬಿದ್ದಿರಬೇಕಿತ್ತು. ಕತ್ತರಿ ಮುಟ್ಟದೆ ಕೂತ ವಾರಗಳ ಲೆಕ್ಕ ತೋರಿಸುವುದು ಕಷ್ಟವಾಗಲಿಲ್ಲ. ದುಡ್ಡು ಬಂತು, ಆಮೇಲೆ ಮನ್ನಾನೂ ಆಯಿತು.

ಆದರೆ ಅಷ್ಟರಲ್ಲಿ ಅವರ ಬೀದಿಯಲ್ಲಿ ಎರಡು ಅಂಗಡಿ ಬಾಗಿಲು ಹಾಕಿದ್ದವು. 2020ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ದೇಶದಲ್ಲಿ ವ್ಯಾಪಾರ ನಡೆಸುತ್ತಿದ್ದ ಕಪ್ಪು ಮಾಲೀಕರ ಸಂಖ್ಯೆ ಶೇ. 41 ಇಳಿಯಿತು, ಬಿಳಿಯರದು ಶೇ. 17. ಕಾಯಲು ಕೂಡ ಕೈಯಲ್ಲಿ ದುಡ್ಡು ಬೇಕಲ್ವಾ.

ಈಗ ಯಾರೇ ಹೊಸಬರು ಬಂದರೂ ರಿಟರ್ನ್‌ಗೆ ಮುಂಚೆ ವ್ಯಾಪಾರದ ಖಾತೆ ತೆಗೆಸುತ್ತೇನೆ. ಕುರ್ಚಿ ಬಾಡಿಗೆ ನಗದಾಗಿ ಬಂದರೂ ಪ್ರತಿ ಸೋಮವಾರ ಕಟ್ಟಿಸುತ್ತೇನೆ, ಸ್ಟೇಟ್‌ಮೆಂಟಿನಲ್ಲಿ ಕಾಣದ ದುಡ್ಡು ಬ್ಯಾಂಕಿನ ಕಣ್ಣಿಗೆ ದುಡ್ಡೇ ಅಲ್ಲ. ಸಾಲ ಬೇಡದಿದ್ದಾಗಲೇ ಸಮುದಾಯ ಸಂಸ್ಥೆಯಿಂದ ಚಿಕ್ಕದೊಂದು ತೆಗೆದು ತೀರಿಸಿ ಅನ್ನುತ್ತೇನೆ, ಬಡ್ಡಿ ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣ ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಸುಮ್ನೆ ಎದ್ದು ಬರುತ್ತಾರೆ. ನಾನೇ ಪತ್ರ ಬರೆದುಕೊಡುತ್ತೇನೆ.

ಆ ಯಜಮಾನರ ಮಗಳು ಪಕ್ಕದ ಮಳಿಗೆಯಲ್ಲಿ ಜಡೆ ಹೆಣೆಯುವ ಅಂಗಡಿ ಹಾಕಬೇಕು ಅಂತಿದ್ದಾಳೆ. ಸಾಲದ ಅರ್ಜಿ ಇನ್ನೂ ಹಾಕಿಲ್ಲ. ಅವಳ ಖಾತೆಗೆ ಹದಿನಾಲ್ಕು ತಿಂಗಳಿಂದ ಪ್ರತಿ ಸೋಮವಾರ ದುಡ್ಡು ಬೀಳುತ್ತಿದೆ.